ಸುಲಭದ ದಾರಿ ಯಾರಿಗೆ ಸುಲಭ?

ನಾವು ಎಲ್ಲದಕ್ಕೂ ವಿಮರ್ಶೆ ಬರೆಯೋ ಜನ. ಧಾರವಾಡದಲ್ಲಿ ಪೇಢೆ ಯಾವ ಅಂಗಡಿಯದ್ದು ಚಲೋ, ಹುಬ್ಬಳ್ಳಿಯ ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿ ಬಿಸಿ ಬರುತ್ತೆ, ಶುಕ್ರವಾರ ಬಂದ ಸಿನಿಮಾದ ಸೆಕೆಂಡ್ ಹಾಫ್ ಎಷ್ಟು ಎಳೆದಿದ್ದಾರೆ, ಎಲ್ಲದರ ಬಗ್ಗೆಯೂ ನಮ್ಮಲ್ಲಿ ಅಭಿಪ್ರಾಯ ಇದೆ, ಸ್ಟಾರ್ ಇದೆ, ಜಗಳ ಇದೆ. ಬಂಡೆ ಹತ್ತೋ ದಾರಿಗೆ ಮಾತ್ರ ನಮ್ಮ ವಿಮರ್ಶೆ ಒಂದೇ ಪದದಲ್ಲಿ ಮುಗಿದುಹೋಗುತ್ತೆ. 'ಈಜಿ' ಇಲ್ಲಾ 'ಟಫ್'. ಸಿನಿಮಾ ಕೆಟ್ಟದಾಗಿದ್ದರೆ ಹೋಗೋದು ಇನ್ನೂರು ರೂಪಾಯಿ. ದಾರಿ ಕೆಟ್ಟದಾಗಿದ್ದರೆ ಹೋಗೋದು ಕಾಲಿನ ಕೀಲು. ಆದರೂ ಉದ್ದನೆಯ ವಿಮರ್ಶೆ ಸಿನಿಮಾಕ್ಕೇ.

ಅದಕ್ಕೇ ಇವತ್ತು ಒಂದು ದಾರಿಯ ವಿಮರ್ಶೆ ಬರೀತಿದ್ದೀನಿ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಯ ಮೇಲಿರೋ, 'ಬಿಗಿನರ್ಸ್‌ಗೆ ಹೇಳಿ ಮಾಡಿಸಿದ್ದು' ಅಂತ ಎಲ್ಲರೂ ತೋರಿಸೋ ಥರದ ಒಂದು ದಾರಿ. ಎತ್ತರ ಸುಮಾರು 15 ಮೀಟರ್. ಐದು ಬೋಲ್ಟ್, ತುದಿಯಲ್ಲಿ ಎರಡು ಬೋಲ್ಟಿನ ಆ್ಯಂಕರ್. ಫ್ರೆಂಚ್ ಗ್ರೇಡಿನಲ್ಲಿ 5ರ ಆಸುಪಾಸು. ಅದರ ಹೆಸರು, ಜಾಗ ಬೇಕಂತಲೇ ಹೇಳ್ತಿಲ್ಲ. ನನ್ನ ತಕರಾರು ಒಂದು ದಾರಿಯ ಮೇಲಲ್ಲ. ಇಂಥ ದಾರಿಗಳನ್ನ ನಾವು ಓದೋ ರೀತಿಯ ಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸ್ಪೋರ್ಟ್ ಕ್ಲೈಂಬಿಂಗ್ ಅಂದರೆ ಬಂಡೆಗೆ ಮೊದಲೇ ಡ್ರಿಲ್ ಹೊಡೆದು ಬೋಲ್ಟ್ ಕೂರಿಸಿರ್ತಾರೆ. ಹತ್ತೋರು ಸೊಂಟಕ್ಕೆ ಹಾರ್ನೆಸ್ ಹಾಕಿ, ಹಗ್ಗ ಕಟ್ಟಿಕೊಂಡು, ಮೇಲೆ ಹೋಗ್ತಾ ಹೋಗ್ತಾ ಒಂದೊಂದೇ ಬೋಲ್ಟಿಗೆ ಕೊಕ್ಕೆ ಹಾಕಿ ಅದರಲ್ಲಿ ಹಗ್ಗ ತೂರಿಸ್ತಾರೆ. ಕೆಳಗೆ ನಿಂತವರು ಹಗ್ಗ ಬಿಡ್ತಾ, ಬಿದ್ದರೆ ಹಿಡೀತಾರೆ. ಅದು ಬಿಲೇ. ಹೀಗೆ ಹಗ್ಗವನ್ನ ತಾನೇ ಮೇಲಕ್ಕೆ ಒಯ್ಯೋದು ಲೀಡ್. ಹಗ್ಗ ಮೊದಲೇ ತುದಿಯ ಆ್ಯಂಕರ್ ದಾಟಿ ಇಳಿದುಬಂದಿದ್ದರೆ ಅದು ಟಾಪ್ ರೋಪ್. ಟಾಪ್ ರೋಪಿನಲ್ಲಿ ಕೈ ಜಾರಿದರೆ ತೂಗಾಡ್ತೀರಿ. ಲೀಡಿನಲ್ಲಿ ಕೈ ಜಾರಿದರೆ ಬೀಳ್ತೀರಿ, ಆಮೇಲೆ ಹಗ್ಗ ಹಿಡಿಯುತ್ತೆ. ಈ 'ಆಮೇಲೆ' ಎಷ್ಟು ಹೊತ್ತಿನದು ಅನ್ನೋದೇ ಇಡೀ ಆಟ.

ಅಂದರೆ, ಈ ದಾರಿಗೊಬ್ಬ ಕರ್ತೃ ಇದ್ದಾನೆ. ಬಂಡೆ ಪ್ರಕೃತಿಯದ್ದು, ಒಪ್ಪಿದೆ. ಆದರೆ ಗೋಡೆಯ ಇಷ್ಟಗಲದಲ್ಲಿ ಯಾವ ಗೆರೆ ಹಿಡಿದು ಹತ್ತಬೇಕು, ಮೊದಲನೇ ಬೋಲ್ಟ್ ಎಷ್ಟು ಎತ್ತರಕ್ಕೆ, ಎರಡನೇದು ಎಲ್ಲಿ, ಎಲ್ಲಿ ನಿಂತು ಕೊಕ್ಕೆ ಹಾಕಬೇಕು, ಇದನ್ನೆಲ್ಲ ಒಬ್ಬ ಮನುಷ್ಯ ಡ್ರಿಲ್ ಹಿಡಿದು ನಿರ್ಧಾರ ಮಾಡಿದ್ದಾನೆ. 1980ರ ದಶಕದ ಹೊತ್ತಿಗೆ ಫ್ರಾನ್ಸಿನಲ್ಲಿ, ಮುಖ್ಯವಾಗಿ ವೆರ್ಡನ್ ಕಣಿವೆಯಂಥ ಕಡೆ, ಮೇಲಿನಿಂದ ಹಗ್ಗದಲ್ಲಿ ಇಳಿದು ನೇತಾಡಿಕೊಂಡೇ ಬೋಲ್ಟ್ ಹೊಡೆಯೋ ಪದ್ಧತಿ ಬೆಳೀತು. ಕೆಳಗಿನಿಂದ ಹತ್ತುತ್ತಾ, ಭಯದಲ್ಲಿ, ಕೈ ಸಿಕ್ಕ ಕಡೆ ಮೊಳೆ ಹೊಡೆಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಆರಾಮಾಗಿ ತೂಗಾಡ್ತಾ ಕೂತವನಿಗೆ ಯೋಚಿಸೋಕೆ ಸಮಯ ಇರುತ್ತೆ. ಹೀಗಾಗಿ ಬೋಲ್ಟ್ ಇರೋ ಜಾಗಕ್ಕೆ ಅವನು ಉತ್ತರ ಕೊಡಬೇಕು. ಕಥೆಗಾರ ತನ್ನ ವಾಕ್ಯಕ್ಕೆ ಉತ್ತರ ಕೊಡೋ ಹಾಗೆ.

ಬಾದಾಮಿಯಲ್ಲಿ ಈ ಹೋಲಿಕೆ ಇನ್ನೂ ಸಲೀಸು. ಊರು ಕೂತಿರೋದೇ ಎರಡು ಕೆಂಪು ಗುಡ್ಡಗಳ ನಡುವಿನ ಕಣಿವೆಯ ಬಾಯಲ್ಲಿ. ಒಂದು ಕಡೆ ಗುಹಾಲಯಗಳು, ಇನ್ನೊಂದು ಕಡೆ ಶಿವಾಲಯಗಳ ಗುಡ್ಡ, ನಡುವೆ ಅಗಸ್ತ್ಯ ತೀರ್ಥ. ಇಲ್ಲಿಯ ಬಂಡೆಗೆ ಮನುಷ್ಯರು ಉಳಿ ಇಟ್ಟು ಸಾವಿರದ ನಾನೂರು ವರ್ಷ ದಾಟಿದೆ. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದನ್ನ ಹೇಳೋ ಬಂಡೆಶಾಸನ 543ರದ್ದು. ಮೂರನೇ ಗುಹೆಯ ಮಂಗಳೇಶನ ಶಾಸನ 578ರದ್ದು. ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಮಾದರಿ ಅಂತ ಶಾಲೆಯಲ್ಲಿ ಓದಿದ ಕಪ್ಪೆ ಅರಭಟ್ಟನ ಶಾಸನ, ಸುಮಾರು 700ರದ್ದು, ಅದೂ ಇದೇ ಊರಿನ ಬಂಡೆಯ ಮೇಲೇ ಇದೆ. ಇಷ್ಟೆಲ್ಲ ಬರೆಸಿಕೊಂಡ ಕಲ್ಲಿನ ಮೇಲೆ ನಾವು ಈಗ ಸ್ಟೀಲ್ ಬೋಲ್ಟಿನಿಂದ ಬರೀತಿದ್ದೀವಿ. ಹಾಗಾದರೆ ಬರವಣಿಗೆ ಹೇಗಿದೆ ಅಂತ ಕೇಳೋ ಹಕ್ಕು ಓದುಗರಿಗಿದೆ.

ಮೊದಲು ಮೆಚ್ಚಬೇಕಾದ್ದನ್ನ ಮೆಚ್ಚೋಣ. ನಾನು ಹೇಳ್ತಿರೋ ದಾರಿಯ ಗೆರೆ ಚೆಂದ ಇದೆ. ಬಾದಾಮಿಯ ಮರಳುಗಲ್ಲು ಪದರು ಪದರಾಗಿರುತ್ತೆ. ಚಪಾತಿ ಒಂದರ ಮೇಲೊಂದು ಒಟ್ಟಿದ ಹಾಗೆ ಅಡ್ಡ ಗೆರೆಗಳು. ಆ ಗೆರೆಗಳ ಸಂದಿನಲ್ಲಿ ಬೆರಳು ಕೂರುತ್ತೆ, ಅಂಚಿನ ಮೇಲೆ ಕಾಲು ನಿಲ್ಲುತ್ತೆ. ಆರಂಭ ಏಣಿ ಹತ್ತಿದ ಹಾಗೆ. ಸುಮಾರು 8 ಮೀಟರ್ ಎತ್ತರದಲ್ಲಿ ಮೆಟ್ಟಿಲು ಮುಗಿಯುತ್ತೆ. ಅಲ್ಲಿ ದೊಡ್ಡ ಹಿಡಿತ ಬಿಟ್ಟು, ಎಡಗಾಲನ್ನ ಬೆರಳಗಲದ ಅಂಚಿನ ಮೇಲಿಟ್ಟು, ಅದರ ಮೇಲೆ ಪೂರ್ತಿ ಭಾರ ಹಾಕಿ ಎದ್ದು ನಿಲ್ಲಬೇಕು. ಜಿಮ್ಮಿನ ಪ್ಲಾಸ್ಟಿಕ್ ಗೋಡೆಯಲ್ಲಿ ತೋಳಿನ ಬಲದಿಂದ ಹತ್ತಿ ರೂಢಿ ಆದವರಿಗೆ ಇಲ್ಲಿ ಮೊದಲ ಪಾಠ: ಬಂಡೆ ಹತ್ತೋದು ಕಾಲಿನಿಂದ. ಈ ಕಷ್ಟದ ಹೆಜ್ಜೆಗೆ ಹೊಟ್ಟೆಯ ಮಟ್ಟದಲ್ಲೇ ಒಂದು ಬೋಲ್ಟ್ ಇದೆ. ಅಲ್ಲಿ ಜಾರಿದರೂ ಹೆಚ್ಚು ದೂರ ಬೀಳಲ್ಲ. ಅದು ಒಳ್ಳೆಯ ಬರವಣಿಗೆ. ಹೆದರಿಕೆ ಹುಟ್ಟೋ ಕಡೆಯೇ ಕೈ ಹಿಡಿದಿದ್ದಾನೆ. ಕೊನೆಯಲ್ಲಿ ಕೊಡದ ಬಾಯಿಯಷ್ಟು ದೊಡ್ಡ ಹಿಡಿತ, ಅದರ ಪಕ್ಕಕ್ಕೇ ಆ್ಯಂಕರ್. ಮುಗಿಸಿದ ಖುಷಿ ಪೂರ್ತಿ ಸಿಗುತ್ತೆ.

ಈಗ ತಕರಾರು. ಅದನ್ನ ನನಗಿಂತ ಚೆನ್ನಾಗಿ ಹೇಳಿದವಳು ನನ್ನ ಕಾಕಾನ ಮಗಳು. ನಮ್ಮದು ಹೆಬ್ಬಳ್ಳಿ. ಸುತ್ತ ಎರೆಹೊಲ, ಬಂಡೆ ನೋಡಬೇಕಂದರೆ ನವಲಗುಂದ, ನರಗುಂದ ದಾಟಿ ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು. ಹುಬ್ಬಳ್ಳಿಯಲ್ಲಿ ಕೆಲಸ ಮಾಡ್ತಾಳೆ, ಶನಿವಾರ ರಜೆ. ಎತ್ತರ 5 ಅಡಿ 1 ಇಂಚು. ಟಾಪ್ ರೋಪಿನಲ್ಲಿ ಇದೇ ದಾರಿಯನ್ನ ಎರಡು ಸಲ ಹತ್ತಿ, ಎರಡನೇ ಸಲ ನಗ್ತಾ ಇಳಿದುಬಂದಳು. "ಅಣ್ಣಾ, ಈಗ ನಾ ಲೀಡ್ ಮಾಡ್ತೀನಿ" ಅಂದಳು. ಪಕ್ಕದಲ್ಲಿದ್ದ ಬೇರೆ ಗುಂಪಿನವರೊಬ್ಬರು "ಮಾಡ್ಲಿ ಬಿಡ್ರಿ, ಈಜಿ ರೂಟ್ ಅದ" ಅಂದರು. ಅವಳು ಕೆಳಗೆ ನಿಂತು ಬೋಲ್ಟುಗಳನ್ನ ಒಂದೊಂದಾಗಿ ನೋಡಿದಳು. ಎರಡನೇ ಬೋಲ್ಟ್ ಹತ್ತಿರ ಕೈ ಚಾಚಿ ತೋರಿಸ್ತಾ ಕೇಳಿದಳು:

"ಅಣ್ಣಾ, ಇದು ಈಜಿ ಅಂತ ಹೇಳಿದವ್ರು ಎಷ್ಟ್ ಉದ್ದ ಇದ್ರು?"

ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಬಂಡೆಯ ಬುಡದಲ್ಲಿ ಕೇಳಿಲ್ಲ. ಯಾಕೆ ಅಂತ ಲೆಕ್ಕ ಹಾಕೋಣ.

ಮೊದಲ ಬೋಲ್ಟ್ 3 ಮೀಟರ್ ಎತ್ತರದಲ್ಲಿದೆ. ಎರಡನೇದು 6 ಮೀಟರಿನಲ್ಲಿ. ಆರಡಿಯ ಮನುಷ್ಯ ಒಳ್ಳೆಯ ಅಂಚಿನ ಮೇಲೆ ನಿಂತುಕೊಂಡೇ, ಕೈ ಚಾಚಿ ಆರಾಮಾಗಿ ಎರಡನೇ ಬೋಲ್ಟಿಗೆ ಹಗ್ಗ ಹಾಕ್ತಾನೆ. ನನ್ನ ತಂಗಿಗೆ ಅಲ್ಲಿಂದ ಎಟುಕಲ್ಲ. ಅವಳು ಆ ಅಂಚು ಬಿಟ್ಟು ಇನ್ನೊಂದು ಹೆಜ್ಜೆ ಮೇಲೆ ಹೋಗಿ, ಸಣ್ಣ ಹಿಡಿತದಲ್ಲಿ ಒಂದು ಕೈಯಲ್ಲಿ ತೂಗಿಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಎಳೀಬೇಕು. ಅವಳ ಸೊಂಟದ ಗಂಟು ಆಗ 5 ಮೀಟರಿನಲ್ಲಿದೆ ಅಂತಿಟ್ಟುಕೊಳ್ಳಿ. ಕೈಯಲ್ಲಿ ಎಳೆದ ಹಗ್ಗ ಮೊದಲ ಬೋಲ್ಟಿನಿಂದ 6 ಮೀಟರಿನ ತನಕ ಹೋಗಿ, ಮತ್ತೆ ಗಂಟಿಗೆ ಇಳಿದಿದೆ. 3 ಮೀಟರ್ ಪ್ಲಸ್ 1 ಮೀಟರ್, ಒಟ್ಟು 4 ಮೀಟರ್ ಹಗ್ಗ ಮೊದಲ ಬೋಲ್ಟಿನ ಆಚೆ ಇದೆ. ಆ ಕ್ಷಣದಲ್ಲಿ ಕೈ ಜಾರಿದರೆ ಗಂಟು ಮೊದಲ ಬೋಲ್ಟಿನಿಂದ 4 ಮೀಟರ್ ಕೆಳಗೆ ಬಂದು ನಿಲ್ಲಬೇಕು. ಬೋಲ್ಟ್ ಇರೋದೇ 3 ಮೀಟರ್ ಎತ್ತರದಲ್ಲಿ. ಮೂರರಲ್ಲಿ ನಾಲ್ಕು ಕಳೆದರೆ ನೆಲದಿಂದ 1 ಮೀಟರ್ ಒಳಗೆ. ಅಂದರೆ ಹಗ್ಗ ಬಿಗಿಯಾಗೋ ಮೊದಲೇ ನೆಲ ಬಂದಿರುತ್ತೆ. ಹಗ್ಗ ಹಿಗ್ಗೋದನ್ನ, ಬಿಲೇ ಮಾಡೋರ ಕೈಯಲ್ಲಿರೋ ಸಡಿಲವನ್ನ ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಬಿದ್ದರೆ ನೆಲ, ಕೈಗೆ ಹಗ್ಗ ಇದ್ದೂ. ಇದು 'ಬಿಗಿನರ್' ದಾರಿ.

ಇಲ್ಲೇ ನಮ್ಮ ಗ್ರೇಡಿನ ಪದ್ಧತಿಯನ್ನ ಸ್ವಲ್ಪ ಕೆದಕಬೇಕು. ಫ್ರೆಂಚ್ ಗ್ರೇಡ್ ಹೇಳೋದು ಹತ್ತೋದು ಎಷ್ಟು ಕಷ್ಟ ಅಂತ ಮಾತ್ರ. ಬೀಳೋದು ಎಷ್ಟು ಕೆಟ್ಟದ್ದು ಅಂತ ಅದು ಹೇಳಲ್ಲ. 2017ರಲ್ಲಿ ನಾರ್ವೆಯಲ್ಲಿ ಆಡಂ ಓಂದ್ರಾ ಹತ್ತಿದ 'ಸೈಲೆನ್ಸ್' 9c. ನಮ್ಮ ಬಾದಾಮಿಯಲ್ಲೇ ಫ್ರಾನ್ಸಿನ ಜೆರೋಮ್ ಪುವ್ರೋ ಹತ್ತಿ ಹೆಸರಿಟ್ಟ 'ಗಣೇಶ' 8b+. ಪುಣೆಯ ತುಹಿನ್ ಸಾತಾರ್ಕರ್ ಕೂಡ ಅದನ್ನ ಹತ್ತಿದ್ದಾರೆ. ಈ ಅಂಕಿಗಳನ್ನ ಕೇಳಿ ನಮಗೆ ಅನಿಸೋದು: 8 ಅಂದರೆ ಅಪಾಯ, 5 ಅಂದರೆ ಸೇಫ್. ವಾಸ್ತವ ಎಷ್ಟೋ ಸಲ ಉಲ್ಟಾ. ಗ್ರೇಡ್ ಏರಿದ ಹಾಗೆ ಗೋಡೆ ಸಾಮಾನ್ಯವಾಗಿ ನೆಟ್ಟಗಾಗುತ್ತೆ, ಇಲ್ಲಾ ಹೊರಗೆ ಬಾಗಿರುತ್ತೆ. ಬಿದ್ದರೆ ಗಾಳಿಯಲ್ಲಿ ಬೀಳ್ತೀರಿ, ತಾಗೋಕೆ ಏನೂ ಇರಲ್ಲ. ಸುಲಭದ ದಾರಿ ಸುಲಭ ಆಗಿರೋದೇ ಅದರಲ್ಲಿ ಮೆಟ್ಟಿಲು, ಕಟ್ಟೆ, ಚಾಚಿದ ಅಂಚು ಇರೋದರಿಂದ. ಹತ್ತುವಾಗ ಕಾಲಿಗೆ ಆಸರೆಯಾದ ಅದೇ ಕಟ್ಟೆ ಬೀಳುವಾಗ ಪಾದಕ್ಕೆ ಬಡಿಯುತ್ತೆ. ಹೀಗಾಗಿ 8ರ ದಾರಿಯಲ್ಲಿ ಹತ್ತು ಸಲ ಬಿದ್ದವರು ಸಂಜೆ ಚಹಾ ಕುಡೀತಾ ಕೂತಿರ್ತಾರೆ. 5ರ ದಾರಿಯಲ್ಲಿ ಒಂದೇ ಸಲ ಬಿದ್ದವರು ಬ್ಯಾಂಡೇಜ್ ಸುತ್ತಿಸಿಕೊಂಡು ಕೂತಿರಬಹುದು.

ಅಂದಮೇಲೆ ಬೋಲ್ಟ್ ಹೊಡೆಯೋರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು 5ರ ದಾರಿಗೆ. ಆದರೆ ಬೆವರು ಸುರಿಸೋದು 8ರ ದಾರಿಗೆ. ಒಳ್ಳೆಯ ಕ್ಲೈಂಬರ್‌ಗೆ ಸುಲಭದ ದಾರಿ ಅಂದರೆ ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳೋ ವಾರ್ಮ್‌ಅಪ್. ಅವನಿಗೆ ಅಲ್ಲಿ ಬೀಳೋ ಪ್ರಶ್ನೆಯೇ ಇಲ್ಲ. ಬೀಳದವನು ಬೋಲ್ಟ್ ಹೊಡೆದರೆ ಅದು ಬೀಳದವರಿಗೇ ಸರಿಹೋಗುತ್ತೆ. ಅವನ ಮನಸ್ಸಿನಲ್ಲಿರೋ ಓದುಗ ಅವನೇ. ಅದೇ ಎತ್ತರ, ಅದೇ ತೋಳು, ಅದೇ ಧೈರ್ಯ.

ಮಕ್ಕಳ ಕಥೆ ಬರೆಯೋರಲ್ಲೂ ಇದೇ ಕಾಯಿಲೆ ಇದೆ. ದೊಡ್ಡವರ ಕಥೆಗೆ ಹತ್ತು ಡ್ರಾಫ್ಟ್, ಮಕ್ಕಳ ಕಥೆ ಒಂದು ಸಂಜೆಯಲ್ಲಿ. 'ಅಯ್ಯೋ, ಮಕ್ಕಳಿಗೆ ತಾನೇ' ಅನ್ನೋ ಧೋರಣೆ. ಮಕ್ಕಳಿಗೆ ಬರೆಯೋದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ಸುಲಭದ ದಾರಿಗೆ ಬೋಲ್ಟ್ ಹೊಡೆಯೋದೂ ಹಾಗೇ. ಅದಕ್ಕೆ ಕುಳ್ಳಗಿನವಳ ಕೈಯಳತೆ ಗೊತ್ತಿರಬೇಕು. ಹೆದರಿದವರು ಹಗ್ಗವನ್ನ ಬೇಕಾದ್ದಕ್ಕಿಂತ ಬೇಗ, ತಲೆಯ ಮೇಲೆ ಕೈ ಎತ್ತಿ ಹಾಕೋಕೆ ಹೋಗ್ತಾರೆ ಅನ್ನೋದು ಗೊತ್ತಿರಬೇಕು. ಅವರ ಬಿಲೇ ಮಾಡೋರೂ ಹೊಸಬರೇ ಇರಬಹುದು ಅನ್ನೋದೂ ಗೊತ್ತಿರಬೇಕು.

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ಬಂಡೆಯ ಬುಡದಲ್ಲಿ ಬಹಳ ಸಲ ಕೇಳಿದ್ದೀನಿ.

ಮೊದಲನೆಯದು: "ಭಯ ಇರಬೇಕ್ರೀ, ಅದ ಮಜಾ." ನಮ್ಮ ಕನ್ನಡದ ತಲೆಯಲ್ಲಿ ಬಂಡೆ ಹತ್ತೋದು ಅಂದರೆ ಚಿತ್ರದುರ್ಗದ ಕೋಟೆಗೋಡೆಯ ಮೇಲೆ ಬರಿಗೈಯಲ್ಲಿ ಓಡಾಡೋ ಜ್ಯೋತಿರಾಜ್. ಆ ವಿಡಿಯೋ ನೋಡದವರು ಯಾರಿದ್ದಾರೆ? ಅಂಥವರನ್ನ ನೋಡಿ ಬೆಳೆದವರಿಗೆ ಹಗ್ಗ ಅಂದರೆ ಸ್ವಲ್ಪ ನಾಚಿಕೆ, ಹತ್ತಿರ ಹತ್ತಿರ ಬೋಲ್ಟ್ ಅಂದರೆ ಇನ್ನೂ ನಾಚಿಕೆ. ನಾನು ಭಯದ ವಿರೋಧಿ ಅಲ್ಲ. ಆದರೆ ಭಯ ಅನ್ನೋದು ಹತ್ತೋರು ಗೊತ್ತಿದ್ದು ಆರಿಸಿಕೊಂಡದ್ದಾಗಬೇಕು. ಬರಿಗೈಯಲ್ಲಿ ಹತ್ತೋರಿಗೆ ಬಿದ್ದರೆ ಏನಾಗುತ್ತೆ ಅಂತ ಪಕ್ಕಾ ಗೊತ್ತು. 'ಬಿಗಿನರ್ ಫ್ರೆಂಡ್ಲಿ' ಅಂತ ಕೇಳಿ ಹಗ್ಗ ಕಟ್ಟಿಕೊಂಡ ಹುಡುಗಿಗೆ ಎರಡನೇ ಬೋಲ್ಟಿನ ತನಕ ಆ ಹಗ್ಗ ಬರೀ ಅಲಂಕಾರ ಅಂತ ಯಾರೂ ಹೇಳಿರಲ್ಲ.

ಎರಡನೆಯದು ಗಟ್ಟಿ ವಾದ: ಬಂಡೆಗೆ ಇನ್ನೆಷ್ಟು ತೂತು ಕೊರೀಬೇಕು? ಜರ್ಮನಿಯ ಸ್ಯಾಕ್ಸನಿಯಲ್ಲಿ, ಎಲ್ಬೆ ನದಿಯ ಮರಳುಗಲ್ಲಿನ ಗುಡ್ಡಗಳಲ್ಲಿ, ಕೈಗೆ ಚಾಕ್ ಪುಡಿ ಹಚ್ಚೋ ಹಾಗಿಲ್ಲ, ಬಂಡೆಯ ಸಂದಿಗೆ ಲೋಹದ ಸಲಕರಣೆ ತುರುಕೋ ಹಾಗಿಲ್ಲ, ಕಬ್ಬಿಣದ ಬಳೆಗಳು ದೂರ ದೂರ. ಮರಳುಗಲ್ಲು ಸೂಕ್ಷ್ಮ ಅನ್ನೋದು ಅವರ ನಿಲುವು. ಮಳೆಯಲ್ಲಿ ನೆಂದರೆ ಮರಳುಗಲ್ಲಿನ ಬಲ ಕುಗ್ಗುತ್ತೆ, ಹಿಡಿತ ಮುರೀತಾವೆ. ನಮ್ಮಲ್ಲೂ ಮಳೆ ಬಂದ ಮರುದಿನ ಹತ್ತಬಾರದು ಅನ್ನೋದು ಅದಕ್ಕೇ. ಮೇಲಾಗಿ ಬಾದಾಮಿ ಬರೀ ಬಂಡೆ ಅಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ಕಾಯ್ದೆ ತಿದ್ದುಪಡಿ ಹೇಳುತ್ತೆ. ಅಂಥ ಊರಿನಲ್ಲಿ ಡ್ರಿಲ್ ಹಿಡಿಯೋರು ಎರಡಲ್ಲ, ಇಪ್ಪತ್ತು ಸಲ ಯೋಚಿಸಬೇಕು.

ಈ ವಾದವನ್ನ ನಾನು ಒಪ್ಪುತ್ತೀನಿ. ಒಪ್ಪಿದ ಮೇಲೂ ನನ್ನ ತಕರಾರು ನಿಲ್ಲುತ್ತೆ, ಯಾಕಂದರೆ ನಾನು ಹೆಚ್ಚು ಬೋಲ್ಟ್ ಕೇಳ್ತಿಲ್ಲ. ಇರೋ ಐದನ್ನೇ ಬೇರೆ ಥರ ಹಂಚಬಹುದಿತ್ತು. ಎರಡನೇದು 6 ಮೀಟರಿನ ಬದಲು 4.5 ಮೀಟರಿನಲ್ಲಿ, ಒಳ್ಳೆಯ ಅಂಚಿನ ಮೇಲೆ ನಿಂತಾಗ ಸೊಂಟದ ಮಟ್ಟಕ್ಕೆ ಬರೋ ಹಾಗೆ ಇದ್ದಿದ್ದರೆ ಲೆಕ್ಕ ಬದಲಾಗ್ತಿತ್ತು. ಕೊಕ್ಕೆ ಹಾಕೋ ಮುಂಚೆ ಅಲ್ಲಿಂದ ಬಿದ್ದರೂ ಗಂಟು ಮೊದಲ ಬೋಲ್ಟಿನಿಂದ 1.5 ಮೀಟರ್ ಕೆಳಗೆ ನಿಲ್ಲುತ್ತೆ, ಅಂದರೆ ನೆಲದಿಂದ 1.5 ಮೀಟರ್ ಮೇಲೆ. ಹಗ್ಗ ಹಿಗ್ಗಿ ಕಾಲು ನೆಲಕ್ಕೆ ತಾಗಬಹುದು, ಆದರೆ ವೇಗ ಮುರಿದಿರುತ್ತೆ. ಮೇಲೆ, ಕೊನೆಯ ಭಾಗದಲ್ಲಿ, ದೊಡ್ಡ ಹಿಡಿತಗಳಿವೆ. ನೆಲ ದೂರ ಇದೆ. ಅಲ್ಲಿ ಬೋಲ್ಟುಗಳ ಅಂತರ ಸ್ವಲ್ಪ ಹೆಚ್ಚಾದರೂ ನಡೀತಿತ್ತು. ಅಷ್ಟೇ ತೂತು, ಅಷ್ಟೇ ಸ್ಟೀಲು. ಬೇರೆ ಆಗ್ತಿದ್ದದ್ದು ಕೊರೆಯೋ ಮುಂಚಿನ ಯೋಚನೆ ಮಾತ್ರ. ತೂತು ಕಡಿಮೆ ಇರಬೇಕು ಅನ್ನೋರು ಪ್ರತಿ ತೂತಿನ ಬಗ್ಗೆ ಹೆಚ್ಚು ಕೇಳಬೇಕಲ್ಲವಾ?

ಮೂರನೆಯದು ಕ್ಲೈಂಬರ್‌ಗಳ ಒಳಗಿನ ರಿವಾಜು: ಮೊದಲು ಹತ್ತಿದವರ ದಾರಿ ಅವರದ್ದು. ಅವರನ್ನ ಕೇಳದೆ ಬೋಲ್ಟ್ ಸೇರಿಸಬಾರದು, ಕೀಳಬಾರದು. ಕಷ್ಟದ ದಾರಿಗಳಿಗೆ ಈ ಮರ್ಯಾದೆ ಸರಿ. ಸಾವನದುರ್ಗದ ಗ್ರಾನೈಟ್ ಮೇಲೆ 'ಬೆಳದಿಂಗಳು', 'ದೀಪಾವಳಿ' ಅಂತ ಉದ್ದನೆಯ ದಾರಿಗಳಿವೆ. ಅವುಗಳ ಸ್ವಭಾವವನ್ನ ಯಾರೋ ಬಂದು ಬದಲಾಯಿಸಿದರೆ ನನಗೂ ಬೇಜಾರಾಗುತ್ತೆ. ಆದರೆ ಹೊಸಬರಿಗೆ ಅಂತಲೇ ತೋರಿಸೋ ದಾರಿಯ ವಿಷಯದಲ್ಲಿ ಕರ್ತೃವಿನ ಹಕ್ಕಿಗಿಂತ ಓದುಗರ ಹಕ್ಕು ದೊಡ್ಡದು ಅಂತ ನನ್ನ ವಾದ. ಪಠ್ಯಪುಸ್ತಕದಲ್ಲಿ ಲೆಕ್ಕ ತಪ್ಪಿದ್ದರೆ ಲೇಖಕರ ಶೈಲಿ ಅಂತ ಬಿಟ್ಟುಬಿಡ್ತೀವಾ? ಮುಂದಿನ ಮುದ್ರಣದಲ್ಲಿ ತಿದ್ದುತ್ತೀವಿ. ಬೋಲ್ಟುಗಳಿಗೂ ಮುಂದಿನ ಮುದ್ರಣ ಇರುತ್ತೆ. ಸ್ಟೀಲು ತುಕ್ಕು ಹಿಡಿಯುತ್ತೆ, ಕಲ್ಲು ಸವೆಯುತ್ತೆ, ಹಳೆಯ ಬೋಲ್ಟ್ ತೆಗೆದು ಹೊಸದು ಹಾಕಲೇಬೇಕಾದ ದಿನ ಬರುತ್ತೆ. ಅವತ್ತು ಅದೇ ಜಾಗಕ್ಕೆ ಹಾಕದೆ, ಅನುಮತಿ ಪಡೆದು, ಹಳೆಯ ತೂತು ಮುಚ್ಚಿ, ಸರಿಯಾದ ಜಾಗಕ್ಕೆ ಹಾಕಲಿ ಅನ್ನೋದು ದೊಡ್ಡ ಬೇಡಿಕೆ ಏನಲ್ಲ.

ಆ ದಿನ ಬರೋ ತನಕ ದಾರಿಯನ್ನ ಬದಲಾಯಿಸೋಕಾಗಲ್ಲ, ಪರಿಚಯ ಮಾಡಿಕೊಡೋ ರೀತಿ ಬದಲಾಯಿಸಬಹುದು. ನನ್ನ ತಂಗಿ ಅವತ್ತು ಲೀಡ್ ಮಾಡಲಿಲ್ಲ. ಸುಮ್ಮನೆ ಹೇಡಿ ಅನಿಸಿಕೊಳ್ಳೋ ಹುಡುಗಿ ಅಲ್ಲ ಅವಳು. ಪಕ್ಕದವರು "ಯಾಕ್ರೀ, ಹೆದರಿಕಿ ಆತೇನು?" ಅಂದಾಗ "ಇಲ್ರಿ, ಲೆಕ್ಕ ಹಾಕಿದೆ" ಅಂದಳು. ಮುಂದಿನ ತಿಂಗಳು ಮತ್ತೆ ಹೋದಾಗ ಒಂದು ಉದ್ದನೆಯ ಕೋಲು ಒಯ್ದೆವು. ಕೋಲಿನ ತುದಿಗೆ ಕೊಕ್ಕೆ ಸಿಗಿಸಿ, ನೆಲದ ಮೇಲೆ ನಿಂತೇ ಮೊದಲ ಬೋಲ್ಟಿಗೆ ಹಗ್ಗ ಹಾಕಿದೆವು. ಎರಡನೇದಕ್ಕೆ ನಾನು ಮೊದಲೇ ಹತ್ತಿ ಹಗ್ಗ ತೂರಿಸಿ ಇಳಿದುಬಂದೆ. ಉಳಿದ ಮೂರು ಬೋಲ್ಟು, ಆ್ಯಂಕರ್ ಅವಳದ್ದು. ಕಾಲಿನ ಮೇಲೆ ಎದ್ದು ನಿಲ್ಲೋ ಆ ಹೆಜ್ಜೆಯಲ್ಲಿ ಎರಡು ನಿಮಿಷ ನಿಂತಿದ್ದಳು. ಕೆಳಗೆ ಹಗ್ಗ ಹಿಡಿದ ನನಗೆ ಆ ಎರಡು ನಿಮಿಷ ಉದ್ದ ಇತ್ತು. ಆದರೆ ಹೊಟ್ಟೆಯ ಮಟ್ಟದಲ್ಲಿ ಬೋಲ್ಟ್ ಇದೆ ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಎದ್ದು ನಿಂತಳು.

ಹಿಂಗ ಮಾಡಿದರೆ ಅದು 'ಪ್ಯೂರ್' ಲೀಡ್ ಅಲ್ಲ ಅಂತ ಮೂಗು ಮುರಿಯೋರು ಇದ್ದಾರೆ. ಮುರೀಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಈ ಆಟ ಮೊದಲ ಸಲ ಪದಕದ ಪಟ್ಟಿಗೆ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಬಂತು. ಎರಡೂ ಸಲ ಬಂಗಾರ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಎತ್ತರ ಐದೂವರೆ ಅಡಿಯೊಳಗೇ. ಅವರನ್ನ ನೋಡಿ ನಮ್ಮ ಕಡೆಯ ಹುಡುಗಿಯರು ಬಂಡೆ ಕಡೆ ಬರ್ತಿದ್ದಾರೆ. ಬಾದಾಮಿ ಓಣಿಯ ಮಕ್ಕಳಂತೂ ಮಂಗಗಳಿಗೆ ಸವಾಲು ಹಾಕೋ ಹಾಗೆ ಹತ್ತೋದನ್ನ ಕಂಡಿದ್ದೀನಿ. ಇವರಲ್ಲಿ ಎಷ್ಟು ಜನ ಎರಡನೇ ಶನಿವಾರವೂ ಬರ್ತಾರೆ ಅನ್ನೋದು 8b+ ದಾರಿಯಿಂದ ತೀರ್ಮಾನ ಆಗಲ್ಲ. ಅವರ ಮೊದಲ ದಾರಿಯ ಎರಡನೇ ಬೋಲ್ಟಿನಿಂದ ಆಗುತ್ತೆ.

ಹೀಗಾಗಿ ನನ್ನ ತೀರ್ಪು ಹೀಗೆ. ಗೆರೆಗೆ ಐದಕ್ಕೆ ನಾಲ್ಕೂವರೆ ಸ್ಟಾರ್. ನಡುವಿನ ಕಷ್ಟದ ಹೆಜ್ಜೆಯ ಬೋಲ್ಟಿಗೆ ಐದಕ್ಕೆ ಐದು. ಮೊದಲ 6 ಮೀಟರಿಗೆ ಒಂದು. ಟಾಪ್ ರೋಪಿನಲ್ಲಿ ಹತ್ತೋಕೆ ಇದರಷ್ಟು ಚೆಂದದ ಪಾಠ ಸಿಗೋದು ಕಷ್ಟ, ಖಂಡಿತ ಹೋಗಿ. ಮೊದಲ ಲೀಡಿಗೆ ಅಂತ ಯಾರಾದರೂ ತೋರಿಸಿದರೆ ಕೋಲು ಕೇಳಿ.

ಕೋಲು ಇಲ್ಲ ಅಂದರೆ, ಬುಡದಲ್ಲಿ ನಿಂತು ಮೂರು ಪ್ರಶ್ನೆ ಕೇಳಿ. ಎರಡನೇ ಬೋಲ್ಟಿಗೆ ಹಗ್ಗ ಹಾಕುವಾಗ ಜಾರಿದರೆ ಎಲ್ಲಿಗೆ ಬಂದು ನಿಲ್ತೀನಿ? ದಾರಿಯಲ್ಲಿ ಕಾಲಿಗೆ ಬಡಿಯೋ ಕಟ್ಟೆ ಎಲ್ಲಿದೆ? ನನ್ನಷ್ಟೇ ಎತ್ತರದವರು ಯಾರಾದರೂ ಇದನ್ನ ಲೀಡ್ ಮಾಡಿದ್ದಾರಾ? ಉತ್ತರ ಗೊತ್ತಿರೋರು ಖುಷಿಯಿಂದ ಹೇಳ್ತಾರೆ, ಬೇಕಾದರೆ ಮರಳಲ್ಲಿ ಗೆರೆ ಎಳೆದು ತೋರಿಸ್ತಾರೆ. "ಏ, ಈಜಿ ಅದ, ಹತ್ರಿ" ಅಂತ ಮಾತ್ರ ಬಂದರೆ, ಅವರು ಎಷ್ಟು ಉದ್ದ ಇದ್ದಾರೆ ಅಂತ ಒಂದು ಸಲ ತಲೆ ಎತ್ತಿ ನೋಡಿ.